ಹಾಲಿನ ಪಿಕಪ್‌ಗೆ ಎಂಥ ಟೈರ್ ಹಾಕಿಸಬೇಕು?



ಹೋದ ವರ್ಷ ಮಘೆ ಮಳೆ ಹಿಡಿದಿದ್ದ ಒಂದು ರಾತ್ರಿ ಒಂಬತ್ತೂವರೆಗೆ ನನಗೆ ಫೋನ್ ಬಂತು. ಕೊಟ್ಟೂರಿನಿಂದ ಹದಿನಾಲ್ಕು ಕಿಲೋಮೀಟರ್ ದೂರದ ಒಂದು ಹೊಲದ ಮನೆ. "ಡಾಕ್ಟ್ರೇ, ನೀರಿನ ಚೀಲ ಒಡೆದು ಒಂದೂವರೆ ತಾಸಾತು. ಮುಂಗಾಲು ಎರಡೂ ಕಾಣ್ತಾವ, ಮೂತಿ ಕಾಣವಲ್ದು" ಎಂದರು ಆ ಅಕ್ಕ. ಕಾಲು ಬಂದು ಮೂತಿ ಬಾರದಿದ್ದರೆ ಕರುವಿನ ತಲೆ ಹಿಂದಕ್ಕೆ ತಿರುಗಿರುತ್ತದೆ. ಕೈ ಹಾಕಿ ಸರಿಪಡಿಸಬೇಕು, ತಡವಾದಷ್ಟೂ ಕರು ಉಳಿಯುವುದು ಕಷ್ಟ. ಆ ಮಳೆಯಲ್ಲಿ ನನ್ನ ಬೈಕ್ ಆಗುವುದಿಲ್ಲ ಎಂದು, ಅವರ ಮಹಿಳಾ ಸಂಘದ ಸದಸ್ಯರು ಸೇರಿ ಕೊಂಡಿದ್ದ ಹಳೆಯ ಪಿಕಪ್ಪನ್ನು ಕಳಿಸಿಕೊಟ್ಟರು. ಹನ್ನೆರಡೂವರೆ ಕಿಲೋಮೀಟರ್ ಡಾಂಬರು ಅರ್ಧ ತಾಸಿನಲ್ಲಿ ಮುಗಿಯಿತು. ಉಳಿದ ಒಂದೂವರೆ ಕಿಲೋಮೀಟರ್ ಎರೆ ಹೊಲದ ದಾರಿ. ಅದರಲ್ಲಿ ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಗಾಡಿ ಹಿಂದಿನಿಂದ ಕೂತುಬಿಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ತಿರುಗಿದಲ್ಲೇ ತಿರುಗಿ ಕೆಳಗಿಳಿಯಿತು. ಇಪ್ಪತ್ತು ನಿಮಿಷ ಒದ್ದಾಡಿ, ಕೊನೆಗೆ ಔಷಧಿ ಚೀಲ ಹೆಗಲಿಗೆ ಹಾಕಿಕೊಂಡು ನಡೆದೆ. ಎರೆ ಕೆಸರಿನಲ್ಲಿ ಒಂದೊಂದು ಚಪ್ಪಲಿಗೂ ಎರಡೆರಡು ಕೆ.ಜಿ. ಮಣ್ಣು. ನಾನು ಮುಟ್ಟಿದಾಗ ಹನ್ನೊಂದೂಕಾಲು. ಹಸು ಉಳಿಯಿತು, ಕರು ಉಳಿಯಲಿಲ್ಲ. ಹೆಣ್ಣು ಕರು.

ಬೆಳಿಗ್ಗೆ ಟ್ರ್ಯಾಕ್ಟರ್ ಕಟ್ಟಿ ಗಾಡಿ ಎಳೆಯುವಾಗ ನಾನೂ ನಿಂತು ನೋಡಿದೆ. ಮುಂದಿನ ಎರಡು ಟೈರ್ ಹೊಸವು. ಹಿಂದಿನವು ಬೋಳು ತಲೆಯ ಹಾಗೆ ನುಣ್ಣಗಾಗಿದ್ದವು. ಹೊಸ ಟೈರ್ ಮುಂದೆ ಹಾಕಿದರೆ ಗಾಡಿ ಚೆಂದ ಕಾಣುತ್ತದೆ ಎಂದು ಹಾಕಿದ್ದಂತೆ. ಆದರೆ ಈ ಗಾಡಿಗಳಲ್ಲಿ ಎಂಜಿನ್ನಿನ ಬಲವೆಲ್ಲ ಹೋಗುವುದು ಹಿಂದಿನ ಗಾಲಿಗೆ. ನೂಕುವ ಕಾಲು ಅದು.

ಅದೇ ವಾರ ಸಂಘದ ಹುಡುಗರು ನಾಲ್ಕೂ ಗಾಲಿಗೆ "ಆಲ್ ಟೆರೇನ್" ಟೈರ್ ಹಾಕಿಸಬೇಕು, ಅದು ಹಾಕಿದರೆ ಎಲ್ಲಿ ಬೇಕಾದರೂ ಹೋಗುತ್ತದೆ ಎಂದು ಪಟ್ಟು ಹಿಡಿದರು. ಬೆಲೆ ಕೇಳಿದರೆ ಹಲವು ತಿಂಗಳ ಹಾಲಿನ ಬಿಲ್ಲು. ದುಡ್ಡು ಕೊಡುವವರು ನೀವು, ಟೈರ್ ಆರಿಸುವವರು ಬೇರೆ. ಸಂಘದ ಅಧ್ಯಕ್ಷರು ನನ್ನನ್ನು ಕೇಳಿದರು: "ನೀವಾರ ಹೇಳ್ರಿ, ಇದು ಖರೆನೇ ಬೇಕೇನು?" ನಮ್ಮ ಭಾಗದಲ್ಲಿ ಕ್ಯಾನು, ಮೇವು, ಪಶು ಆಹಾರ ಸಾಗಿಸಲು ಪಿಕಪ್ ಇಟ್ಟುಕೊಂಡ, ಇಲ್ಲವೇ ಬಾಡಿಗೆಗೆ ಹಿಡಿದ ಗುಂಪುಗಳು ಬೇರೆಯೂ ಇವೆ. ಆದ್ದರಿಂದ ಅವರಿಗೆ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ದನದ ಡಾಕ್ಟರಿಗೆ ಟೈರಿನ ಉಸಾಬರಿ ಏಕೆ ಎನ್ನಬಹುದು. ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದಾತ ಪಶುವೈದ್ಯನೇ. ಜಾನ್ ಬಾಯ್ಡ್ ಡನ್‌ಲಪ್ ಎಂಬಾತ ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನಲ್ಲಿ ದನ ಕುದುರೆಗಳಿಗೆ ಔಷಧ ಮಾಡುತ್ತಿದ್ದ. 1887ರಲ್ಲಿ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ರಬ್ಬರ್ ಕೊಳವೆ ಸುತ್ತಿ ಗಾಳಿ ತುಂಬಿ ಕೊಟ್ಟ, 1888ರಲ್ಲಿ ಪೇಟೆಂಟ್ ಪಡೆದ. ಅವನಿಗಿಂತ ಸುಮಾರು ನಲವತ್ತು ವರ್ಷ ಮೊದಲೇ ಥಾಮ್ಸನ್ ಎಂಬಾತ ಇದೇ ಯೋಚನೆ ಮಾಡಿದ್ದನಾದರೂ ಅದು ಬಳಕೆಗೆ ಹತ್ತಲಿಲ್ಲ. ನಿಮ್ಮ ಅತ್ತೆಯವರ ಕಾಲದಲ್ಲಿ ಕಬ್ಬಿಣದ ಹಳಿ ಹಾಕಿದ ಕಟ್ಟಿಗೆ ಗಾಲಿಯ ಬಂಡಿ ಹೋಗಿ ಟೈರ್ ಬಂಡಿ ಬಂದಾಗ ಎತ್ತಿನ ಹೆಗಲು ಎಷ್ಟು ಹಗುರಾಯಿತು ಎಂದು ಕೇಳಿ ನೋಡಿ, ಅವರೇ ಹೇಳುತ್ತಾರೆ.

ಮೊದಲು ದಾರಿ ನೋಡಿ, ಆಮೇಲೆ ಟೈರ್

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ನಮ್ಮ ಗಾಡಿ ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ, ಅದರಲ್ಲಿ ಡಾಂಬರು ಮತ್ತು ಸಿಮೆಂಟ್ ಎಷ್ಟು, ಜಲ್ಲಿ ಮತ್ತು ಮಸಾರಿ ದಾರಿ ಎಷ್ಟು, ಎರೆ ಎಷ್ಟು. ಆ ಸಂಘದವರು ಬರೆದಾಗ ಬಂದ ಲೆಕ್ಕ ಇದು: ದಿನಕ್ಕೆ 46 ಕಿಲೋಮೀಟರ್, ಅದರಲ್ಲಿ ಡಾಂಬರು 38, ಜಲ್ಲಿ ಮತ್ತು ಮಸಾರಿ 5, ಎರೆ 3. ಆ ಎರೆಯೂ ಕಾಡುವುದು ವರ್ಷದಲ್ಲಿ ಮಳೆಗಾಲದ ಕೆಲವು ವಾರ ಮಾತ್ರ. ಹುಡುಗರು ಮಾತಾಡುತ್ತಿದ್ದುದು ಆ 3 ಕಿಲೋಮೀಟರಿನ ಬಗ್ಗೆ. ಟೈರ್ ಸವೆಯುವುದು ಉಳಿದ 43ರಲ್ಲಿ.

ಟೈರಿನ ಮೈಮೇಲೆ ಎದ್ದಿರುವ ರಬ್ಬರ್ ಕಟ್ಟುಗಳಿಗೆ ಡ್ರೈವರ್‌ಗಳು ಬಟನ್ ಎನ್ನುತ್ತಾರೆ. ಬಟನ್ ಎಷ್ಟು ದಪ್ಪ, ಅವುಗಳ ನಡುವಿನ ಸಂದು ಎಷ್ಟು ಅಗಲ ಎಂಬುದರ ಮೇಲೆ ಟೈರಿನ ಜಾತಿ ನಿಲ್ಲುತ್ತದೆ. ರಸ್ತೆಯ ಟೈರಿಗೆ ಎಚ್.ಟಿ. ಎನ್ನುತ್ತಾರೆ: ಉದ್ದುದ್ದ ಗೆರೆ, ಸಣ್ಣ ಸಂದು. ಡಾಂಬರಿನ ಮೇಲೆ ಸದ್ದಿಲ್ಲದೆ ಓಡುತ್ತದೆ, ಬಾಳಿಕೆ ಹೆಚ್ಚು, ಡೀಸೆಲ್ ಕಡಿಮೆ. ಎಂ.ಟಿ. ಎಂದರೆ ಕೆಸರಿನ ಟೈರ್: ದಪ್ಪ ಬಟನ್, ಬೆರಳು ಹಿಡಿಸುವಷ್ಟು ಸಂದು. ಎ.ಟಿ., ಅಂದರೆ ಆಲ್ ಟೆರೇನ್, ಇವೆರಡರ ನಡುವಿನದು. ಇದನ್ನು ಎಚ್.ಎಫ್. ಮಿಶ್ರತಳಿಗೆ ಹೋಲಿಸಬಹುದು: ಎರಡೂ ಕಡೆಯ ಗುಣ ಸ್ವಲ್ಪ ಸ್ವಲ್ಪ ಇರುತ್ತದೆ, ಎರಡೂ ಕಡೆಯ ಪೂರ್ತಿ ಗುಣ ಇರುವುದಿಲ್ಲ.

ಈಗ ನಮ್ಮ ಮಣ್ಣಿಗೆ ಬನ್ನಿ. ಕೂಡ್ಲಿಗಿ ಕಡೆಯ ಮಸಾರಿ, ಗರಸು, ಕಲ್ಲು ದಾರಿಯಲ್ಲಿ ಎ.ಟಿ. ಟೈರ್ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಸಡಿಲ ಜಲ್ಲಿಯಲ್ಲಿ ಹಿಡಿತ ಕೊಡುತ್ತದೆ. ರಬ್ಬರ್ ದಪ್ಪ ಇರುವುದರಿಂದ ಚೂಪು ಕಲ್ಲಿಗೆ ಬೇಗ ಕೊಯ್ಯುವುದಿಲ್ಲ. ಇನ್ನೊಂದು ಲಾಭ ಬಳ್ಳಾರಿ ಜಾಲಿಯದು. ಹಳ್ಳದ ದಂಡೆ, ಕೆರೆ ಏರಿ, ಬೀಳು ಹೊಲ ಎಲ್ಲೆಂದರಲ್ಲಿ ಆ ಮುಳ್ಳು ಬಿದ್ದಿರುತ್ತದೆ. ತೆಳುವಾದ, ಸವೆದ ಟೈರಿಗೆ ಅದು ಸಲೀಸಾಗಿ ಇಳಿಯುತ್ತದೆ. ಟ್ಯೂಬ್‌ಲೆಸ್ ಆಗಿದ್ದರೆ ಮುಳ್ಳು ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುತ್ತದೆ, ಹಾಲು ಮುಟ್ಟಿಸಿ ಬಂದು ಪಂಕ್ಚರ್ ಹಾಕಿಸಬಹುದು. ಟ್ಯೂಬ್ ಇದ್ದರೆ ಅಲ್ಲೇ ಕೂತಿತು.

ಎರೆ ಮಣ್ಣಿನ ಲೆಕ್ಕ ಬೇರೆ. ಒಣಗಿದಾಗ ಕಲ್ಲು, ನೆನೆದಾಗ ಅಂಟು. ನೀರು ಕುಡಿದು ಉಬ್ಬುವ ಜೇಡಿ ಅದರಲ್ಲಿ ಹೆಚ್ಚು. ಹಸಿ ಎರೆಯಲ್ಲಿ ಟೈರ್ ನಾಲ್ಕು ಸುತ್ತು ತಿರುಗಿದರೆ ಬಟನ್‌ಗಳ ನಡುವಿನ ಸಂದೆಲ್ಲ ತುಂಬಿ, ಎಷ್ಟು ಬೆಲೆಯ ಟೈರ್ ಆದರೂ ಮಣ್ಣಿನ ಉಂಡೆಯಾಗುತ್ತದೆ. ಆಮೇಲೆ ಜಾರುವುದು ಮಣ್ಣಿನ ಮೇಲೆ ಮಣ್ಣು. ಸಂದು ಅಗಲವಾಗಿದ್ದರೆ ಗಾಲಿ ತಿರುಗುವ ರಭಸಕ್ಕೆ ಸ್ವಲ್ಪ ಮಣ್ಣು ಸಿಡಿದು ಹೋಗುತ್ತದೆ, ಅದಕ್ಕೇ ಎಂ.ಟಿ. ಟೈರ್ ಒಂದಿಷ್ಟು ಮುಂದೆ ಹೋಗುತ್ತದೆ. ಎ.ಟಿ. ಅಷ್ಟೂ ಹೋಗುವುದಿಲ್ಲ. ಹಾಗೆಂದು ಎಂ.ಟಿ. ಹಾಕಿಸಿದರೆ ಉಳಿದ 43 ಕಿಲೋಮೀಟರಿನಲ್ಲಿ ಬೇಗ ಸವೆಯುತ್ತದೆ, ಸದ್ದು ಮಾಡುತ್ತದೆ, ಹೆಚ್ಚು ಡೀಸೆಲ್ ಕುಡಿಯುತ್ತದೆ, ನೆನೆದ ಡಾಂಬರಿನಲ್ಲಿ ಬ್ರೇಕ್ ಹಾಕಿದರೆ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಹಾಲಿನ ಗಾಡಿಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಹುಡುಗರಿಗೆ ನಾನು ಹೇಳಿದ್ದು ಇಷ್ಟೇ. ಅವತ್ತು ರಾತ್ರಿ ಹಿಂದಿನ ಗಾಲಿಗೆ ಹೊಸ ಎ.ಟಿ. ಇದ್ದಿದ್ದರೆ ಇನ್ನೂರು ಹೆಜ್ಜೆಯ ಬದಲು ಬಹುಶಃ ಐನೂರು ಹೆಜ್ಜೆ ಹೋಗುತ್ತಿದ್ದೆವು. ಮನೆ ಮುಟ್ಟುತ್ತಿದ್ದೆವು ಎಂದು ನಾನು ಹೇಳಲಾರೆ.

ಭಾರ ಹೊರುವ ಶಕ್ತಿ: ಇಲ್ಲೇ ಹೆಚ್ಚು ಮೋಸ ಹೋಗುವುದು

ಬಟನ್ ಎಲ್ಲರಿಗೂ ಕಾಣುತ್ತದೆ. ಕಾಣದೇ ಇರುವುದು ಟೈರಿನ ಪಕ್ಕೆಯಲ್ಲಿ ಬರೆದಿರುವ ಸಣ್ಣ ಅಂಕಿ. ಉದಾಹರಣೆಗೆ ಒಂದು ಟೈರಿನ ಮೇಲೆ 215/75 ಆರ್ 15, ಮುಂದೆ 100 ಎಸ್ ಎಂದಿರುತ್ತದೆ. 215 ಎಂದರೆ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕೆಯ ಎತ್ತರ, ಅಗಲದ ನೂರಕ್ಕೆ 75 ಭಾಗ. ಆರ್ ಎಂದರೆ ರೇಡಿಯಲ್, 15 ಎಂದರೆ ಡಿಸ್ಕಿನ ಅಳತೆ ಇಂಚಿನಲ್ಲಿ. ಕೊನೆಯ ಎಸ್ ವೇಗದ ಗುರುತು, ನಮಗೆ ಅದರ ಚಿಂತೆ ಇಲ್ಲ. ನಿಮಗೆ ಬೇಕಾದದ್ದು ಆ 100. ಅದು ಕೆ.ಜಿ. ಅಲ್ಲ, ಒಂದು ಸಂಕೇತ. 100 ಎಂದರೆ ಆ ಒಂದು ಟೈರ್ 800 ಕೆ.ಜಿ. ಹೊರಬಲ್ಲದು. 104 ಇದ್ದರೆ 900 ಕೆ.ಜಿ., 108 ಇದ್ದರೆ 1,000 ಕೆ.ಜಿ.

ಈಗ ನಮ್ಮ ಹೊರೆ ನೋಡಿ. 40 ಲೀಟರಿನ ಕ್ಯಾನು ತುಂಬಿದರೆ ಹಾಲು 41 ಕೆ.ಜಿ., ಕ್ಯಾನಿನ ತೂಕವೂ ಸೇರಿ ಹತ್ತಿರ ಹತ್ತಿರ 50 ಕೆ.ಜಿ. ಅಂಥ 22 ಕ್ಯಾನು ಎಂದರೆ 1,100 ಕೆ.ಜಿ. ವಾಪಸ್ ಬರುವಾಗ ಪಶು ಆಹಾರ ತುಂಬಿದರೆ 50 ಕೆ.ಜಿ.ಯ 24 ಚೀಲಕ್ಕೆ 1,200 ಕೆ.ಜಿ. ಗಾಡಿಯ ಆರ್.ಸಿ. ಪುಸ್ತಕದಲ್ಲಿ ಹೊರೆ ಸಮೇತ ಒಟ್ಟು ತೂಕ 3,000 ಕೆ.ಜಿ. ಎಂದಿದೆ ಅಂದುಕೊಳ್ಳಿ. ತುಂಬಿದ ಪಿಕಪ್‌ನಲ್ಲಿ ಹೆಚ್ಚಿನ ಭಾರ ಹಿಂದಿನ ಅಚ್ಚಿನ ಮೇಲೆ ಬೀಳುತ್ತದೆ; 1,900 ಕೆ.ಜಿ. ಎಂದು ಹಿಡಿಯಿರಿ. ಎರಡು ಟೈರಿಗೆ ಹಂಚಿದರೆ ಒಂದಕ್ಕೆ 950. 100 ಎಂದು ಬರೆದ ಟೈರ್ ಹೊರುವುದು 800. ಗುಂಡಿಗೆ ಬಿದ್ದಾಗ ಬೀಳುವ ಪೆಟ್ಟು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಮಾರುಕಟ್ಟೆಯಲ್ಲಿ ಎ.ಟಿ. ಎಂದು ಜೋರಾಗಿ ಮಾರುವ ಟೈರುಗಳಲ್ಲಿ ಬಹಳಷ್ಟು ಜೀಪು, ಎಸ್‌ಯುವಿಗಳಿಗೆ ಮಾಡಿದವು. ಅದರಲ್ಲಿ ಮಂದಿ ಕೂರುತ್ತಾರೆ, ಕ್ಯಾನು ಕೂರುವುದಿಲ್ಲ. ಅಳತೆ ಒಂದೇ ಇರುವುದರಿಂದ ಪಿಕಪ್ಪಿನ ಡಿಸ್ಕಿಗೂ ಅವು ಕೂತುಬಿಡುತ್ತವೆ. ಮೊದಲ ತಿಂಗಳು ಏನೂ ಆಗುವುದಿಲ್ಲ. ಏಪ್ರಿಲ್‌ನ ಬಿಸಿಲಿಗೆ ಡಾಂಬರು ಕಾದು, ಮೇಲೆ ಹೊರೆ ಬಿದ್ದು, ಪಕ್ಕೆ ಬಗ್ಗಿ ಬಗ್ಗಿ ಒಳಗೇ ಬಿಸಿಯೇರಿ ಒಂದು ದಿನ ಸಿಡಿಯುತ್ತದೆ. ಗಾಡಿ ವಾಲಿದರೆ ಹಿಂದೆ ಕ್ಯಾನಿನ ಜೊತೆ ಕೂತವರ ಗತಿ ಏನು? ಹೊರೆ ಗಾಡಿಯ ಹಿಂದೆ ಮನುಷ್ಯರು ಕೂರಲೇಬಾರದು, ಆ ಮಾತು ಬೇರೆ. ಆದರೆ ಕೂರುತ್ತಾರೆ, ಅದನ್ನು ನಾನೂ ನೋಡುತ್ತೇನೆ, ನೀವೂ ನೋಡುತ್ತೀರಿ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಎ.ಟಿ. ಇದೆಯಾ" ಎಂದಲ್ಲ. "ನಮ್ಮದು ಹೊರೆ ಗಾಡಿ, ಎಲ್.ಟಿ. ಟೈರ್ ಕೊಡಿ" ಎನ್ನಿ. ಎಲ್.ಟಿ. ಎಂದರೆ ಲೈಟ್ ಟ್ರಕ್, ಹೊರೆಗೆಂದೇ ಮಾಡಿದ್ದು. ಗಾಡಿಯ ಜೊತೆ ಕಂಪನಿ ಕೊಟ್ಟ ಪುಸ್ತಕದಲ್ಲಿ ಅಳತೆಯೂ ಭಾರದ ಅಂಕಿಯೂ ಇರುತ್ತದೆ. ಹೊಸ ಟೈರಿನ ಅಂಕಿ ಅದಕ್ಕಿಂತ ಕಡಿಮೆ ಇರಕೂಡದು, ಹೆಚ್ಚಿದ್ದರೆ ಚಿಂತೆಯಿಲ್ಲ. ಎಂಆರ್‌ಎಫ್, ಅಪೋಲೊ, ಸಿಯೆಟ್, ಜೆಕೆ ಎಲ್ಲರೂ ಹೊರೆ ಗಾಡಿಯ ಟೈರ್ ಮಾಡುತ್ತಾರೆ. ಹೆಸರಿಗಿಂತ ಪಕ್ಕೆಯ ಅಂಕಿ ಮುಖ್ಯ.

ಅಳತೆಯನ್ನು ದೊಡ್ಡದು ಮಾಡಿಸುವ ಆಸೆಯೂ ಬೇಡ. ಎತ್ತರದ ಟೈರ್ ಹಾಕಿದರೆ ಗಾಡಿ ಗತ್ತಾಗಿ ಕಾಣುತ್ತದೆ, ಆದರೆ ಎಳೆಯುವ ಶಕ್ತಿ ತಗ್ಗುತ್ತದೆ, ತುಂಬಿದಾಗ ಟೈರ್ ಮಡ್‌ಗಾರ್ಡಿಗೆ ತಿಕ್ಕುತ್ತದೆ, ಸ್ಪೀಡ್ ಮೀಟರ್ ತಪ್ಪು ತೋರಿಸುತ್ತದೆ.

ಯಾವ ಗಾಲಿಗೆ ಯಾವುದು

ದುಡ್ಡು ಎರಡು ಟೈರಿಗೆ ಮಾತ್ರ ಇದ್ದರೆ ಹೊಸವು ಹಿಂದಕ್ಕೆ. ಮುಂದಿನವು ಸವೆದಿದ್ದರೂ ನಡೆಯುತ್ತದೆ ಎಂದು ಇದರ ಅರ್ಥವಲ್ಲ, ಗಾಡಿ ತಿರುಗುವುದು ಮುಂದಿನ ಗಾಲಿಯಿಂದಲೇ. ಲಾರಿಗಳನ್ನು ನೋಡಿದ್ದೀರಲ್ಲ, ಮುಂದೆ ಉದ್ದ ಗೆರೆಯ ರಿಬ್ ಟೈರ್, ಹಿಂದೆ ಬಟನ್ ಇರುವ ಲಗ್ ಟೈರ್. ನಮ್ಮ ಪಿಕಪ್ಪಿಗೂ ಅದೇ ಹೊಂದಿಕೆ ಸಾಕು. ಒಂದೇ ಅಚ್ಚಿನ ಎಡಕ್ಕೊಂದು ಬಲಕ್ಕೊಂದು ಬೇರೆ ಜಾತಿಯ ಟೈರ್ ಹಾಕಬಾರದು. ರೇಡಿಯಲ್ ಮತ್ತು ನೈಲಾನ್ ಟೈರ್ ಒಂದೇ ಅಚ್ಚಿನಲ್ಲಿ ಸೇರಬಾರದು. ಎರಡೂ ಇವೆ ಎಂದಾದರೆ ರೇಡಿಯಲ್ ಹಿಂದಿರಲಿ. ಸ್ಟೆಪ್ನಿ ಕೂಡ ಅದೇ ಅಳತೆಯದಿರಬೇಕು. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ತಿಂಗಳಿಗೊಮ್ಮೆ ನೋಡಿ, ಯಾರೂ ನೋಡುವುದಿಲ್ಲ.

ರೀಸೋಲ್ ಮಾಡಿಸಿದ ಟೈರ್ ಮುಂದಿನ ಗಾಲಿಗೆ ಬೇಡವೇ ಬೇಡ. ಹಿಂದಕ್ಕೆ ಹಾಕುವುದಾದರೆ ಒಳಮೈಯಲ್ಲಿ ಉಬ್ಬು, ಬಿರುಕು ಇಲ್ಲವೆಂದು ನೋಡಿ ಹಾಕಿಸಿ.

ಗಾಳಿ

ಎಮ್ಮೆ ಕೆಸರಿನಲ್ಲಿ ನಡೆಯುವುದನ್ನು ನೋಡಿ. ಅದರ ಗೊರಸು ಎರಡು ಹೋಳಾಗಿ ಅಗಲವಾಗಿ ಹರಡಿಕೊಳ್ಳುತ್ತದೆ, ಅಷ್ಟು ಭಾರದ ಮೈ ಇದ್ದರೂ ಹೂತುಕೊಳ್ಳುವುದಿಲ್ಲ. ಒಂದೇ ಗೊರಸಿನ ಕುದುರೆ ಅಲ್ಲಿ ಒದ್ದಾಡುತ್ತದೆ. ಟೈರಿನಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಅದೂ ಎಮ್ಮೆಯ ಗೊರಸಿನ ಹಾಗೆ ಹರಡಿ ನೆಲದ ಮೇಲೆ ಹೆಚ್ಚು ಜಾಗ ಹಿಡಿಯುತ್ತದೆ. ಮರಳು ಹಳ್ಳ ದಾಟುವಾಗ, ಗಾಡಿ ಖಾಲಿ ಇದ್ದಾಗ, ನಿಧಾನವಾಗಿ ಹೋಗುವುದಾದರೆ ಈ ಉಪಾಯ ನಡೆಯುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಬೇಕು, ಅಂದರೆ ಗಾಡಿಯಲ್ಲಿ ಪಂಪ್ ಇರಬೇಕು. ಪಂಪ್ ಇಲ್ಲದೆ ಗಾಳಿ ಇಳಿಸಬೇಡಿ. ಕಡಿಮೆ ಗಾಳಿಯಲ್ಲಿ ಹೊರೆ ಹೊತ್ತು ಓಡಿದ ಟೈರೇ ಬೇಸಿಗೆಯಲ್ಲಿ ಸಿಡಿಯುವುದು.

ಗಾಳಿ ಹೆಚ್ಚಾದರೆ ಒಳ್ಳೆಯದೆಂದು ಕಲ್ಲಿನ ಹಾಗೆ ತುಂಬಿಸುವವರೂ ಇದ್ದಾರೆ. ಆಗ ಗಾಡಿ ಕುಪ್ಪಳಿಸುತ್ತದೆ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ಕುಲುಕಿ ಕುಲುಕಿ ಮೊಸರು ಕಡೆದ ಹಾಗೆ ಬೆಣ್ಣೆ ಕಣ ಕಟ್ಟುತ್ತದೆ. ಆ ಬೆಣ್ಣೆ ಕ್ಯಾನಿನ ಗೋಡೆಗೂ ಮುಚ್ಚಳಕ್ಕೂ ಹತ್ತಿಕೊಂಡರೆ ಫ್ಯಾಟ್ ಕಡಿಮೆ ತೋರಿಸುತ್ತದೆ. ಕ್ಯಾನು ಪೂರ್ತಿ ತುಂಬಿಸಿ ಕಳಿಸಿ, ಗಾಳಿ ಸರಿಯಾಗಿರಲಿ.

ಎಷ್ಟು ಪೌಂಡ್ ಗಾಳಿ ಎಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಇಲ್ಲವೇ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಖಾಲಿ ಇದ್ದಾಗ ಒಂದು, ತುಂಬಿದಾಗ ಒಂದು ಎಂದು ಬೇರೆ ಬೇರೆ ಬರೆದಿರಬಹುದು. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ಅಳೆಯಬೇಕು. ಹತ್ತು ದಿನಕ್ಕೊಮ್ಮೆ ಸಾಕು.

ಕಾಲು ಕುಂಟುವ ಹಸುವಿನ ಗೊರಸು ತಿರುಗಿಸಿ ನೋಡಿದರೆ ಎಲ್ಲಿ ಭಾರ ಬೀಳುತ್ತಿದೆ ಎಂದು ನನಗೆ ತಿಳಿಯುತ್ತದೆ. ಟೈರೂ ಹಾಗೇ ಹೇಳುತ್ತದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇತ್ತು. ನಡು ಸವೆದಿದ್ದರೆ ಗಾಳಿ ಹೆಚ್ಚಿತ್ತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ, ಅದನ್ನು ಸರಿ ಮಾಡಿಸದೆ ಹೊಸ ಟೈರ್ ಹಾಕಿಸಿದರೆ ಹೊಸದೂ ಹಾಗೇ ಹಾಳಾಗುತ್ತದೆ.

ಕೊಳ್ಳುವಾಗ

ಐಎಸ್‌ಐ ಗುರುತು ಇರಲಿ. ಪಕ್ಕೆಯಲ್ಲಿ ಒಂದು ಉದ್ದ ಗುಂಡು ಚೌಕದೊಳಗೆ ನಾಲ್ಕು ಅಂಕಿ ಇರುತ್ತವೆ, ಅದು ಟೈರ್ ಹುಟ್ಟಿದ ದಿನ. 2324 ಎಂದಿದ್ದರೆ 2024ನೇ ವರ್ಷದ 23ನೇ ವಾರ. ಹಸು ಕೊಳ್ಳುವಾಗ ಹಲ್ಲು ನೋಡಿ ವಯಸ್ಸು ತಿಳಿಯುವ ಹಾಗೆ ಇದನ್ನು ನೋಡಿ. ಬಳಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ, ಬಿಸಿಲಿನಲ್ಲಿ ನಿಂತ ಗಾಡಿಯ ಟೈರಿನ ಪಕ್ಕೆ ಬಿರಿಯುತ್ತದೆ. ಕೆಲವು ಟೈರಿನ ಮೇಲೆ ಎಂ+ಎಸ್ ಎಂದಿರುತ್ತದೆ: ಕೆಸರು ಮತ್ತು ಹಿಮ ಎಂದರ್ಥ. ಅಂಗಡಿಯವರು ಅದನ್ನು ತೋರಿಸಿ ಬೆಲೆ ಏರಿಸಿದರೆ ಕೊಟ್ಟೂರಿನಲ್ಲಿ ಹಿಮ ಯಾವಾಗ ಬೀಳುತ್ತದೆ ಎಂದು ಕೇಳಿ. ಅದು ಬಟನ್ನಿನ ವಿನ್ಯಾಸ ಹೇಳುವ ಗುರುತು ಅಷ್ಟೇ, ಎರೆ ದಾಟಿಸುತ್ತದೆ ಎಂಬ ಮಾತು ಕೊಡುವುದಿಲ್ಲ. ಬಿಲ್ಲನ್ನು ಸಂಘದ ಹೆಸರಿಗೆ ಬರೆಸಿ, ವಾರಂಟಿ ಕಾರ್ಡು ಕಾರ್ಯದರ್ಶಿಯ ಬಳಿ ಇರಲಿ.

ಸಂದಿನೊಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ. ಬಟನ್ ಸವೆದು ಆ ದಿಣ್ಣೆಗೆ ಸಮವಾದರೆ ಉಳಿದಿರುವ ಆಳ 1.6 ಮಿ.ಮೀ., ಅಲ್ಲಿಗೆ ಟೈರಿನ ಆಯುಷ್ಯ ಮುಗಿಯಿತು. ಮಣ್ಣು ದಾರಿಯ ಗಾಡಿಗೆ 3 ಮಿ.ಮೀ. ಉಳಿದಾಗಲೇ, ಮಳೆಗಾಲಕ್ಕೆ ಮುಂಚೆ ಬದಲಿಸುವುದು ಲೇಸು. ಬೆಂಕಿಕಡ್ಡಿಯನ್ನು ಸಂದಿನಲ್ಲಿ ನಿಲ್ಲಿಸಿ, ಉಗುರಿನಿಂದ ಗುರುತು ಹಿಡಿದು ಮಕ್ಕಳ ಸ್ಕೇಲಿನ ಮೇಲೆ ಇಟ್ಟರೆ ಅಳತೆ ಸಿಕ್ಕಿತು.

ಹಳೆಯ ಟೈರು ಕೊಟ್ಟಿಗೆಗೆ ಬರದಿರಲಿ

ಇದು ಪೂರ್ತಿ ನನ್ನ ಇಲಾಖೆಯ ಮಾತು, ಗಮನವಿಟ್ಟು ಓದಿ. ಬಿಚ್ಚಿದ ಟೈರನ್ನು ಯಾರೂ ಎಸೆಯುವುದಿಲ್ಲ. ಬಣವೆಯ ತಾಡಪಾಲು ಹಾರದಂತೆ ಮೇಲೆ ಹೇರುತ್ತೇವೆ, ಸೈಲೇಜ್ ಗುಂಡಿಯ ಮೇಲೆ ಭಾರಕ್ಕೆ ಇಡುತ್ತೇವೆ, ಕೊಯ್ದು ಗೋದಲಿ ಮಾಡುತ್ತೇವೆ. ರೇಡಿಯಲ್ ಟೈರಿನ ರಬ್ಬರಿನೊಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ನೈಲಾನ್ ಟೈರಿನಲ್ಲೂ ಡಿಸ್ಕಿಗೆ ಕೂರುವ ಅಂಚಿನಲ್ಲಿ ತಂತಿ ಇದೆ. ಬಿಸಿಲು ಮಳೆಗೆ ರಬ್ಬರ್ ಬಿರಿದಾಗ ಕೂದಲಿನಷ್ಟು ಸಣ್ಣ, ಸೂಜಿಯಷ್ಟು ಚೂಪು ತಂತಿ ತುಂಡಾಗಿ ಮೇವಿನಲ್ಲಿ ಸೇರುತ್ತದೆ.

ಆಡು ಆರಿಸಿ ತಿನ್ನುತ್ತದೆ. ಹಸು ಹಾಗಲ್ಲ, ನಾಲಿಗೆ ಚಾಚಿ ಸುತ್ತಿ ಎಳೆದು ನುಂಗುತ್ತದೆ, ಅಗಿಯುವುದು ಆಮೇಲೆ. ತಂತಿ ಜೇನುಗೂಡಿನಂಥ ಗೆರೆಗಳಿರುವ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ಒಂದು ಪರದೆ. ಹೊಟ್ಟೆ ಹಿಂಡಿದಾಗೆಲ್ಲ ತಂತಿ ಮುಂದಕ್ಕೆ ಚುಚ್ಚುತ್ತಾ ಹೋಗಿ ಹೃದಯದ ಚೀಲಕ್ಕೆ ತಾಗಿದರೆ ಅಲ್ಲಿ ಕೀವು ಕಟ್ಟುತ್ತದೆ. ಗಬ್ಬದ ಕೊನೆಯಲ್ಲಿ ಕರುವಿನ ಒತ್ತಡ, ಕರು ಹಾಕುವಾಗಿನ ತಿಣುಕಾಟ ಅದನ್ನು ಇನ್ನೂ ಮುಂದಕ್ಕೆ ನೂಕುತ್ತದೆ.

ಒಮ್ಮಿಂದೊಮ್ಮೆಲೇ ಹಾಲು ಇಳಿದು, ಹಸು ಬೆನ್ನು ಬಾಗಿಸಿ, ಮುಂದಿನ ಮೊಣಕೈಗಳನ್ನು ಹೊರಗೆ ಚಾಚಿ ನಿಂತರೆ, ಇಳಿಜಾರಿನಲ್ಲಿ ಇಳಿಯಲು ಹಿಂಜರಿದರೆ, ಮಲಗುವಾಗ ಏಳುವಾಗ ನರಳಿದರೆ ಅಜೀರ್ಣವೆಂದು ಅಡುಗೆ ಸೋಡ ಕುಡಿಸುತ್ತಾ ದಿನ ಕಳೆಯಬೇಡಿ, ನಮಗೆ ಫೋನ್ ಮಾಡಿ. ಬೇಗ ಗೊತ್ತಾದರೆ ಹೊಟ್ಟೆಯೊಳಗೆ ಆಯಸ್ಕಾಂತ ನುಂಗಿಸಿ, ಔಷಧ ಕೊಟ್ಟು, ಬೇಕಾದರೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಿಕೊಳ್ಳುವ ದಾರಿ ಇದೆ. ಗಂಗೆದೊಗಲು ಬಾತು, ಕುತ್ತಿಗೆಯ ರಕ್ತನಾಳ ಹಗ್ಗದ ಹಾಗೆ ಉಬ್ಬಿದ ಮೇಲೆ ನಾವು ಮಾಡುವಂಥದ್ದು ಬಹಳ ಕಡಿಮೆ.

ಬಣವೆಯ ಮೇಲೆ ಟೈರಿನ ಬದಲು ಮಣ್ಣು ತುಂಬಿದ ಚೀಲ ಇಡಿ. ಸೊಳ್ಳೆ ಓಡಿಸಲು ಕೊಟ್ಟಿಗೆಯಲ್ಲಿ ಟೈರ್ ಸುಡಬೇಡಿ. ಹೊಗೆ ನಿಮ್ಮ ಎದೆಗೂ ಕೆಟ್ಟದ್ದು, ದನಕ್ಕೂ ಕೆಟ್ಟದ್ದು. ಸುಟ್ಟ ಮೇಲೆ ಉಳಿಯುವುದು ಬರೀ ತಂತಿ, ಅದು ಗಾಳಿಗೆ ಅಂಗಳವೆಲ್ಲ ಹರಡುತ್ತದೆ. ಅಂಗಳದ ಮೂಲೆಯಲ್ಲಿ ಬಿದ್ದ ಟೈರಿನಲ್ಲಿ ಮಳೆ ನೀರು ನಿಂತರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಹೊಸ ಟೈರ್ ಕೊಳ್ಳುವಾಗಲೇ ಹಳೆಯದನ್ನು ಅಂಗಡಿಗೆ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಿ.

ಆ ಸಂಘ ಏನು ಮಾಡಿತು

ಸಭೆ ಸೇರಿ ಎರಡು ತಾಸು ಮಾತಾಡಿದರು. ಹುಡುಗರೂ ಇದ್ದರು. ಕೊನೆಗೆ ಹಿಂದಿನ ಎರಡು ಗಾಲಿಗೆ ಮಾತ್ರ, ಭಾರದ ಅಂಕಿ ನೋಡಿ, ಎಲ್.ಟಿ. ಎಂದು ಬರೆದ ಎ.ಟಿ. ಟೈರ್ ಹಾಕಿಸಿದರು. ಮುಂದಿನ ಹೊಸ ರಿಬ್ ಟೈರ್ ಹಾಗೇ ಉಳಿದವು. ನಾಲ್ಕರ ದುಡ್ಡಿನಲ್ಲಿ ಉಳಿದದ್ದರಲ್ಲಿ ಒಂದು ಗಾಳಿ ಪಂಪ್, ಒಂದು ಎಳೆಯುವ ಹಗ್ಗ, ಎರಡು ಸಲಿಕೆ ಕೊಂಡು ಗಾಡಿಯಲ್ಲೇ ಇಟ್ಟರು. ಉಳಿಕೆ ಸಂಘದ ಖಾತೆಗೆ ಹೋಯಿತು.

ಎರೆ ದಾರಿಗೆ ಬೇರೆ ಏರ್ಪಾಟು ಮಾಡಿಕೊಂಡರು. ಮಳೆ ಬಿದ್ದ ದಿನ ಪಿಕಪ್ ಹೊಲದ ದಾರಿಗೆ ಇಳಿಯುವುದಿಲ್ಲ, ಡಾಂಬರಿನ ಅಂಚಿನ ಬೇವಿನ ಮರದ ಹತ್ತಿರ ನಿಲ್ಲುತ್ತದೆ. ಹೊಲದ ಮನೆಗಳ ಹಾಲನ್ನು ಒಬ್ಬರ ಟೈರ್ ಬಂಡಿ ಅಲ್ಲಿಯವರೆಗೆ ತರುತ್ತದೆ. ಎತ್ತು ಹೂಡಿದವರಿಗೆ ದಿನಕ್ಕಿಷ್ಟು ಎಂದು ಎಲ್ಲರೂ ಹಂಚಿ ಕೊಡುತ್ತಾರೆ. ಆ ದಾರಿಗೆ ಗರಸು ಹಾಕಿಸಿಕೊಡಿ ಎಂದು ಗ್ರಾಮ ಪಂಚಾಯಿತಿಗೆ ಅರ್ಜಿಯನ್ನೂ ಕೊಟ್ಟಿದ್ದಾರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದವರು ಆ ರಾತ್ರಿ ನನಗೆ ಫೋನ್ ಮಾಡಿದ ಅಕ್ಕನೇ.

ಅವರ ಹಸು ಮತ್ತೆ ಗಬ್ಬವಾಗಿದೆ. ನಾನೇ ಪರೀಕ್ಷೆ ಮಾಡಿದೆ. ದಿನ ತುಂಬುವುದು ಉತ್ತರೆ ಮಳೆಯ ಹೊತ್ತಿಗೆ. ಹದಿನೈದು ದಿನ ಮೊದಲೇ ಅದನ್ನು ನಡೆಸಿಕೊಂಡು ಬಂದು ಊರೊಳಗಿನ ತಂಗಿಯ ಮನೆಯ ಕೊಟ್ಟಿಗೆಯಲ್ಲಿ ಕಟ್ಟುವುದು ಎಂದು ಮಾತಾಗಿದೆ. ಅಲ್ಲಿಯವರೆಗೆ ಡಾಂಬರು ಇದೆ.